ಬೈಲುಕುಪ್ಪೆಯ ಗಣಕಲಿಪಿಕಾರರು

ಗ್ರಂಥವನ್ನು ರಚಿಸುವವನು ಕವಿ, ಅದರ ಅರ್ಥವನ್ನು ಬಿಡಿಸುವವನು ವ್ಯಾಖ್ಯಾನಕಾರ. ಆದರೆ ಅದಕ್ಕೆ ಆಯುಸ್ಸನ್ನು ಕೊಡತಕ್ಕವನು ಲಿಪಿಕಾರನೇ ಸರಿ. ಓಲೆಯು ಎಷ್ಟು ಚೆನ್ನಾಗಿ ಹದಮಾಡಿದ್ದಾದರೂ ಕೆಲವು ಶತಮಾನಗಳಲ್ಲಿ ಪುಡಿಯಾಗುವುದು. ಗೆದ್ದಲೂ ತೇವವೂ ಅನೇಕ ವೇಳೆ ಅಷ್ಟು ಕಾಲವನ್ನೂ ಕೊಡುವುದಿಲ್ಲ. ಹಳೆಯ ಓಲೆ ಅಳಿಯುವುದಕ್ಕೆ ಮುಂಚೆ ಯಾವನಾದರೊಬ್ಬನು ಕಂಟವನ್ನು ಹಿಡಿದು ಕುಳಿತು ಹೊಸ ಪ್ರತಿಯನ್ನು ಎತ್ತದಿದ್ದರೆ ಕವಿಯ ಶ್ರಮವೂ ವ್ಯಾಖ್ಯಾನಕಾರನ ಶ್ರಮವೂ ಒಟ್ಟಿಗೆ ಮಣ್ಣುಪಾಲಾಗುವುವು. ಪಂಪ ರನ್ನರ ಕಾವ್ಯಗಳು ಇಂದಿಗೂ ಓದಲು ಸಿಕ್ಕುತ್ತಿರುವುದು ಹೆಸರು ತಿಳಿಯದ ಎಷ್ಟೋ ಮಂದಿ ಪ್ರತಿಕಾರರ ದೆಸೆಯಿಂದ. ಅವರಲ್ಲಿ ವೃತ್ತಿಯಿಂದ ಬರೆಯುವವರೂ ಉಂಟು. ಗುರುವಿನ ಬಳಿ ಓದುತ್ತ, ಓದುವ ಗ್ರಂಥವನ್ನೇ ತಮಗಾಗಿ ಬರೆದುಕೊಂಡ ವಿದ್ಯಾರ್ಥಿಗಳೂ ಉಂಟು. ಪ್ರತಿಯ ಕೊನೆಯಲ್ಲಿ, ತಾವು ಕಂಡಂತೆಯೇ ಬರೆದಿರುವುದಾಗಿಯೂ, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳತಕ್ಕದ್ದೆಂದೂ ಬಿನ್ನವಿಸಿಕೊಳ್ಳುವುದು ಅವರ ವಾಡಿಕೆ.

ಅಚ್ಚುಕೂಟಗಳು ಬಂದಮೇಲೆ ಈ ಲಿಪಿಕಾರಧರ್ಮವು ಮುಗಿದುಹೋಯಿತೆಂದು ಸಾಮಾನ್ಯವಾಗಿ ಎಣಿಸುವುದುಂಟು. ಅದು ಪೂರ್ತಿಯಾಗಿ ನಿಜವಲ್ಲ. ಇಪ್ಪತ್ತನೆಯ ಶತಮಾನವು ಮುಗಿಯುತ್ತಿದ್ದ ಕಾಲದಲ್ಲಿ, ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದ ತಾಲ್ಲೂಕಿನಲ್ಲಿಯೇ, ವಿದ್ಯಾರ್ಥಿಗಳಾದ ಭಿಕ್ಷುಗಳು ಸಾವಿರ ವರ್ಷಗಳ ಹಿಂದಿನ ಶಾಸ್ತ್ರಗ್ರಂಥಗಳನ್ನು ಅಕ್ಷರ ಅಕ್ಷರವಾಗಿ ಪ್ರತಿಮಾಡಲು ತೊಡಗಿದರು. ಅವರ ಕೈಯಲ್ಲಿ ಇದ್ದುದು ಕಂಟವಲ್ಲ, ಗಣಕಯಂತ್ರದ ಕೀಲಿಮಣೆ. ಇಂದು ಕಾಲೇಜುಗಳಲ್ಲಿ ಜಾಲತಾಣಗಳ ನಿರ್ಮಾಣವನ್ನೂ ಗಣಕದ ಮೂಲಕ ಮಾಡುವ ಕಲೆಗಳನ್ನೂ ಕಲಿಯುವ ವಿದ್ಯಾರ್ಥಿಗಳು ಎಷ್ಟೋ ಮಂದಿ. ಅಂತಹವರು ಕೈಗೊಳ್ಳತಕ್ಕ ಕೆಲಸಕ್ಕೆ ಒಂದು ಹಳೆಯ ಮೇಲ್ಪಂಕ್ತಿ ತಮ್ಮ ನೆರೆಯಲ್ಲಿಯೇ ಇದೆಯೆಂಬುದು ಈ ಸೀಮೆಯಲ್ಲಿ ಬಹುಮಂದಿಗೆ ತಿಳಿಯದು.

ಹೊರಗಿನಿಂದ ಬಂದ ವಿದ್ಯೆಗೆ ನೆಲೆಯನ್ನು ಕೊಡುವುದು ಈ ಸೀಮೆಗೆ ಹೊಸದಲ್ಲ. ಚೋಳರಾಜನ ಉಪದ್ರವದಿಂದ ಶ್ರೀರಂಗವನ್ನು ಬಿಟ್ಟ ರಾಮಾನುಜಾಚಾರ್ಯರು ಕಾಡುದಾರಿಯಲ್ಲಿ ನಡೆದುಬಂದು ಎಡತೊರೆಯ, ಎಂದರೆ ಈಗಿನ ಕೃಷ್ಣರಾಜನಗರದ, ಸೀಮೆಗೆ ಸೇರಿದ ಸಾಲಿಗ್ರಾಮದಲ್ಲಿ ನಿಂತರೆಂದೂ, ವಡುಗನಂಬಿಯು ಅಲ್ಲಿಯೇ ಅವರಿಗೆ ಶಿಷ್ಯನಾದನೆಂದೂ ಶ್ರೀವೈಷ್ಣವ ಸಂಪ್ರದಾಯವು ಹೇಳುತ್ತದೆ. ಪಿರಿಯಾಪಟ್ಟಣ ಹುಣಸೂರುಗಳ ಸುತ್ತಣ ನಾಡನ್ನು ಆಳಿದ ಚೆಂಗಾಳ್ವರ ಕಾಲದಲ್ಲಿ ಕಲ್ಲಹಳ್ಳಿಯ ಮೂರನೆಯ ಮಂಗರಸನು ಜೈನಕಾವ್ಯಗಳನ್ನು ರಚಿಸಿದನು. ಹೆಗ್ಗಡದೇವನಕೋಟೆಯ ಕಾಡುಗಳಲ್ಲಿ ಬರಹವನ್ನು ಕಾಣದೆ ಬಾಯಿಂದ ಬಾಯಿಗೆ ನಡೆದುಬಂದ ಬೇರೆಯೇ ಒಂದು ವಾಙ್ಮಯವಿತ್ತು. ಹೀಗಿದ್ದ ನೆಲಕ್ಕೆ ೧೯೬೦ರಲ್ಲಿ ಹಿಮಾಲಯದ ಆಚೆಯಿಂದ ಮತ್ತೊಂದು ಸಮುದಾಯವು ಬಂದು ಸೇರಿತು.

೧೯೫೯ರಲ್ಲಿ ದಲಾಯಿ ಲಾಮಾರವರು ಟಿಬೆಟ್ಟನ್ನು ಬಿಟ್ಟು ಭಾರತವನ್ನು ಆಶ್ರಯಿಸಿದರಷ್ಟೆ. ಅವರ ಹಿಂದೆ ಬಂದ ನಿರಾಶ್ರಿತರಿಗೆ ನೆಲೆಮಾಡಿಕೊಡುವ ಪ್ರಶ್ನೆ ಬಂದಾಗ ಆಗಿನ ಮೈಸೂರು ಸರಕಾರವು ಬೈಲುಕುಪ್ಪೆಯ ಬಳಿ ಸುಮಾರು ೩,೦೦೦ ಎಕರೆ ಕಾಡುನೆಲವನ್ನು ಬಿಟ್ಟುಕೊಟ್ಟಿತು. ಲುಗ್ಸುಂ ಸಂಡುಪ್ಲಿಂಗ್ ಎಂಬುದು ಅಲ್ಲಿ ಏರ್ಪಟ್ಟ ಮೊದಲ ವಸತಿ. ಚಳಿಯ ನಾಡಿನ ಜನರು ಮಲೆನಾಡಿನ ಅಂಚಿನ ಮಳೆಗೂ ಬಿಸಿಲಿಗೂ ಒಗ್ಗಿಕೊಂಡು, ಕಾಡನ್ನು ಕಡಿದು, ಮುಸುಕಿನ ಜೋಳವನ್ನು ಬೆಳೆದರು. ೧೯೬೩ರಲ್ಲಿ ಪೆನೋರ್ ರಿಂಪೋಚೆಯವರು ನಂಡ್ರೋಲಿಂಗ್ ವಿಹಾರವನ್ನು ಸ್ಥಾಪಿಸಿದರು. ೧೯೬೯ರಲ್ಲಿ ಬೈಲುಕುಪ್ಪೆಯ ಎರಡನೆಯ ವಸತಿಯೂ, ೧೯೭೨ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ರಬ್ಗ್ಯೇಲಿಂಗ್ ವಸತಿಯೂ ಆದುವು. ಲಾಸಾ ನಗರದ ಬಳಿ ೧೪೧೯ರಲ್ಲಿ ಸ್ಥಾಪಿತವಾಗಿದ್ದ ಸೆರಾ ಎಂಬ ಮಹಾವಿಹಾರದ ಭಿಕ್ಷುಗಳಲ್ಲಿ ಉಳಿದುಬಂದವರು ಮೊದಲು ಬಂಗಾಳದ ಬಕ್ಸಾ ಕೋಟೆಯಲ್ಲಿ ಹತ್ತು ವರ್ಷಗಳ ಕಾಲ ಕಷ್ಟದಿಂದ ಕಳೆದು, ೧೯೭೦ರ ಸುಮಾರಿಗೆ ಬೈಲುಕುಪ್ಪೆಗೆ ಬಂದರು. ಆಗ ಅವರು ಸುಮಾರು ೩೦೦ ಮಂದಿ. ಸೆರಾ ಜೆ, ಸೆರಾ ಮೇ ಎಂಬ ಎರಡು ವಿದ್ಯಾಲಯಗಳು ಕನ್ನಡನಾಡಿನಲ್ಲಿ ಪುನಃ ಹುಟ್ಟಿದುದು ಹೀಗೆ.

ಈ ಭಿಕ್ಷುಗಳು ಹೊತ್ತುತಂದ ವಿದ್ಯೆ ಯಾವುದು? ಅದನ್ನು ವಿಚಾರಿಸಿದರೆ ಸಂಸ್ಕೃತ ಬಲ್ಲವರಿಗೆ ಆಶ್ಚರ್ಯವಾಗದೆ ಇರದು. ಸೆರಾದ ವಿದ್ಯಾರ್ಥಿಯು ವರ್ಷಗಟ್ಟಲೆ ಅಭ್ಯಾಸಮಾಡುವ ಐದು ಮೂಲಗ್ರಂಥಗಳೆಂದರೆ ಧರ್ಮಕೀರ್ತಿಯ ಪ್ರಮಾಣವಾರ್ತಿಕ, ಮೈತ್ರೇಯನದೆಂದು ಪ್ರಸಿದ್ಧವಾದ ಅಭಿಸಮಯಾಲಂಕಾರ, ಚಂದ್ರಕೀರ್ತಿಯ ಮಧ್ಯಮಕಾವತಾರ, ವಸುಬಂಧುವಿನ ಅಭಿಧರ್ಮಕೋಶ, ಗುಣಪ್ರಭನ ವಿನಯಸೂತ್ರ. ಐದೂ ಭಾರತದ ಸಂಸ್ಕೃತಗ್ರಂಥಗಳು. ಓದುವುದು ಮಾತ್ರ ಟಿಬೆಟ್ಟಿನ ಭಾಷೆಯಲ್ಲಿ. ಏಳನೆಯ ಶತಮಾನದಲ್ಲಿ ತೋನ್ಮಿ ಸಂಭೋಟನೆಂಬವನು ಭಾರತಕ್ಕೆ ಬಂದು ಇಲ್ಲಿಯ ಲಿಪಿಯನ್ನು ನೋಡಿ ತನ್ನ ಭಾಷೆಗೆ ಲಿಪಿಯನ್ನು ಕಲ್ಪಿಸಿದನೆಂದು ಅವರ ಐತಿಹ್ಯ. ಅಲ್ಲಿಂದ ಮುಂದೆ ಅನೇಕ ಶತಮಾನಗಳ ಕಾಲ ಭಾರತದ ಪಂಡಿತರೂ ಟಿಬೆಟ್ಟಿನ ಭಾಷಾಂತರಕಾರರೂ ಜೊತೆಯಾಗಿ ಕುಳಿತು ಸಾವಿರಾರು ಗ್ರಂಥಗಳನ್ನು ಭಾಷಾಂತರಿಸಿದರು. ಒಂಬತ್ತನೆಯ ಶತಮಾನದ ಆದಿಯಲ್ಲಿ ಪಾರಿಭಾಷಿಕ ಪದಗಳನ್ನು ನಿಶ್ಚಯಿಸುವುದಕ್ಕೆಂದೇ ಮಹಾವ್ಯುತ್ಪತ್ತಿ ಎಂಬ ಕೋಶವು ರಾಜಾಜ್ಞೆಯಿಂದ ಸಿದ್ಧವಾಯಿತು. ಅದರಲ್ಲಿ ೯,೦೦೦ಕ್ಕೂ ಹೆಚ್ಚು ಪದಗಳಿವೆ. ಬುದ್ಧವಚನಗಳ ಸಂಗ್ರಹಕ್ಕೆ ಕಂಗ್ಯುರ್ ಎಂದೂ, ಆಚಾರ್ಯರ ಶಾಸ್ತ್ರಗಳ ಸಂಗ್ರಹಕ್ಕೆ ತೆಂಗ್ಯುರ್ ಎಂದೂ ಹೆಸರು. ದೆರ್ಗೆ ಎಂಬ ಸ್ಥಳದಲ್ಲಿ ೧೭೨೯ರಿಂದ ೧೭೩೩ರ ವರೆಗೆ ಮರದ ಹಲಗೆಗಳಲ್ಲಿ ಕೊರೆದು ಅಚ್ಚುಮಾಡಿದ ಕಂಗ್ಯುರ್ ೧೦೩ ಸಂಪುಟಗಳಷ್ಟು. ತೆಂಗ್ಯುರ್ ೨೦೦ ಸಂಪುಟಗಳನ್ನು ಮೀರುವುದು. ಭಾರತದಲ್ಲಿ ಮೂಲವು ಅಳಿದು ಟಿಬೆಟ್ಟಿನಲ್ಲಿ ಭಾಷಾಂತರವೊಂದೇ ಉಳಿದ ಗ್ರಂಥಗಳು ಇವುಗಳಲ್ಲಿ ಬಹಳ.

ಕನ್ನಡಕ್ಕೂ ಟಿಬೆಟ್ಟಿನ ಭಾಷೆಗೂ ಒಂದು ನಂಟು ಉಂಟೆಂಬುದನ್ನು ಇಲ್ಲಿ ಹೇಳಬಹುದು. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ಬಹುಮಟ್ಟಿಗೆ ದಂಡಿಯ ಕಾವ್ಯಾದರ್ಶವನ್ನು ಅನುಸರಿಸಿದ್ದೆಂದು ಎಲ್ಲರೂ ಬಲ್ಲರು. ಅದೇ ಕಾವ್ಯಾದರ್ಶವನ್ನು ಹದಿಮೂರನೆಯ ಶತಮಾನದಲ್ಲಿ ಶೋಂಗ್ತೋನ್ ಎಂಬ ವಿದ್ವಾಂಸನು ಲಕ್ಷ್ಮೀಕರನೆಂಬ ಪಂಡಿತನ ನೆರವಿನಿಂದ ಟಿಬೆಟ್ಟಿನ ಭಾಷೆಗೆ ತಂದನು. ಅಲ್ಲಿಯ ಕವಿಗಳಿಗೂ ಅದೇ ಲಕ್ಷಣಗ್ರಂಥವಾಯಿತು. ಕಾವೇರಿಯ ನಾಡೂ ಹಿಮದ ನಾಡೂ ಒಬ್ಬನೇ ಆಚಾರ್ಯನಿಂದ ಅಲಂಕಾರವನ್ನು ಕಲಿತುವು. ಬೈಲುಕುಪ್ಪೆಯಲ್ಲಿ ನೆರೆಹೊರೆಯಾದ ಈ ಎರಡು ಭಾಷೆಗಳು ಕಾವ್ಯಶಾಸ್ತ್ರದಲ್ಲಿ ಸಹಪಾಠಿಗಳಾಗಿ ಆಗಲೇ ಏಳು ಶತಮಾನಗಳಾಗಿದ್ದುವು.

ಮೈಸೂರಿನ ವಿದ್ವಾಂಸರೂ ಈ ಭಂಡಾರದ ಬೆಲೆಯನ್ನು ನಿರಾಶ್ರಿತರು ಬರುವುದಕ್ಕೆ ಎಷ್ಟೋ ಮೊದಲೇ ಅರಿತಿದ್ದರು. ೧೮೯೧ರಲ್ಲಿ ಸ್ಥಾಪಿತವಾದ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯನ್ನು ಗುರುತಿಸಿ ೧೯೦೯ರಲ್ಲಿ ಅಚ್ಚುಹಾಕಿಸಿದ ಸಂಗತಿ ಪ್ರಸಿದ್ಧವಾಗಿದೆ. ಅಷ್ಟಾಗಿ ಪ್ರಚಾರಕ್ಕೆ ಬಾರದ ಸಂಗತಿ ಮತ್ತೊಂದುಂಟು. ಬೌದ್ಧತರ್ಕಕ್ಕೆ ಮೂಲಪುರುಷನಾದ ದಿಙ್ನಾಗನ ಪ್ರಮಾಣಸಮುಚ್ಚಯದ ಸಂಸ್ಕೃತಮೂಲವು ಕೈಬಿಟ್ಟುಹೋಗಿತ್ತು. ಎಚ್. ಆರ್. ರಂಗಸ್ವಾಮಿ ಅಯ್ಯಂಗಾರ್ಯರು ಟಿಬೆಟ್ಟಿನ ಭಾಷಾಂತರವನ್ನು ಆಧಾರವಾಗಿಟ್ಟುಕೊಂಡು, ಇತರ ಗ್ರಂಥಗಳಲ್ಲಿ ಉದ್ಧೃತವಾಗಿದ್ದ ವಾಕ್ಯಗಳನ್ನು ಕೂಡಿಸಿ, ಅದರ ಪ್ರತ್ಯಕ್ಷಪರಿಚ್ಛೇದವನ್ನು ಮತ್ತೆ ಸಂಸ್ಕೃತಕ್ಕೆ ತಂದರು. ಮೈಸೂರು ವಿಶ್ವವಿದ್ಯಾನಿಲಯದ ಮೂಲಕ ಅದು ೧೯೩೦ರಲ್ಲಿ ಪ್ರಕಟವಾಯಿತು. ಭಾರತದಿಂದ ಹೊರಟ ವಿದ್ಯೆಯನ್ನು ಟಿಬೆಟ್ಟಿನ ಅಕ್ಷರಗಳ ಮೂಲಕ ಭಾರತಕ್ಕೆ ಹಿಂದಿರುಗಿಸುವ ಕಾರ್ಯವು ಹೀಗೆ ಈ ಸಂಸ್ಥಾನದಲ್ಲಿ ನಡೆದಿತ್ತು. ಮೂವತ್ತು ವರ್ಷಗಳ ತರುವಾಯ ಆ ಅಕ್ಷರಗಳನ್ನು ಬಾಯಿಪಾಠವಾಗಿ ಬಲ್ಲವರೇ ಮೈಸೂರಿನಿಂದ ಒಂದು ದಿನದ ದಾರಿಯೊಳಗೆ ಬಂದು ನೆಲಸಿದರು.

ಆದರೆ ಬಂದವರ ಬಳಿ ಗ್ರಂಥಗಳು ಎಷ್ಟಿದ್ದುವು? ಪ್ರಾಣವನ್ನು ಉಳಿಸಿಕೊಂಡು ಹಿಮದ ಕಣಿವೆಗಳನ್ನು ದಾಟಿದವರು ನೂರಾರು ಸಂಪುಟಗಳನ್ನು ಹೊತ್ತುತರುವುದು ಸಾಧ್ಯವೆ? ಟಿಬೆಟ್ಟಿನಲ್ಲಿ ಉಳಿದ ವಿಹಾರಗಳೂ ಗ್ರಂಥಭಂಡಾರಗಳೂ ಮುಂದಿನ ವರ್ಷಗಳಲ್ಲಿ ಬಹುಮಟ್ಟಿಗೆ ಹಾಳಾದುವು. ಉಳಿದ ಪ್ರತಿಗಳನ್ನು ಕಾಪಾಡುವ ಕೆಲಸದಲ್ಲಿ ಮೊದಲಿಗರಾದವರಲ್ಲಿ ಜೀನ್ ಸ್ಮಿತ್ ಎಂಬ ಅಮೆರಿಕದ ವಿದ್ವಾಂಸರೊಬ್ಬರು. ಅವರು ೧೯೬೮ರಲ್ಲಿ ದೆಹಲಿಯಲ್ಲಿದ್ದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಕಚೇರಿಗೆ ಸೇರಿದರು. ಅಮೆರಿಕದಿಂದ ಬಂದ ಧಾನ್ಯಕ್ಕೆ ಭಾರತವು ರೂಪಾಯಿಗಳಲ್ಲಿ ತೆತ್ತ ಹಣದ ಒಂದು ಭಾಗವು ಭಾರತದಲ್ಲಿ ಅಚ್ಚಾದ ಪುಸ್ತಕಗಳನ್ನು ಕೊಳ್ಳುವುದಕ್ಕೆ ವಿನಿಯೋಗವಾಗುತ್ತಿತ್ತು. ಆ ಏರ್ಪಾಡಿನ ಫಲವಾಗಿ ನಿರಾಶ್ರಿತರ ಬಳಿಯಿದ್ದ ಅಪೂರ್ವ ಪ್ರತಿಗಳು ಒಂದೊಂದಾಗಿ ಅಚ್ಚಾಗಿ ಪರದೇಶಗಳ ಪುಸ್ತಕಭಂಡಾರಗಳನ್ನು ಸೇರಿದುವು. ಹಸಿವಿಗೆಂದು ಬಂದ ಧಾನ್ಯವು ಶಾಸ್ತ್ರಕ್ಕೂ ಉಸಿರಾಯಿತು.

ಅಚ್ಚಿನಿಂದ ಗಣಕಕ್ಕೆ ಹೋಗುವ ಹೆಜ್ಜೆಯನ್ನು ಇಟ್ಟುದು ಬೈಲುಕುಪ್ಪೆಯ ಸೆರಾ ಮೇ ವಿದ್ಯಾಲಯ. ಅಲ್ಲಿಯ ಶಾಸ್ತ್ರಾಭ್ಯಾಸವನ್ನು ನಡಸುತ್ತಿದ್ದ ಮೈಕೇಲ್ ರೋಚ್ ಎಂಬ ಅಮೆರಿಕದವರು ೧೯೮೭ರಲ್ಲಿ ಏಷ್ಯನ್ ಕ್ಲಾಸಿಕ್ಸ್ ಇನ್‌ಪುಟ್ ಪ್ರಾಜೆಕ್ಟ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಮುಂದೆ ೧೯೯೫ರಲ್ಲಿ ಅವರು ಅದೇ ವಿದ್ಯಾಲಯದ ಗೆಶೆ ಪದವಿಯನ್ನು ಪಡೆದರು. ಅಂತೂ ಉದ್ಯಮವನ್ನು ತೊಡಗಿದವರೂ ಆಗ ವಿದ್ಯಾರ್ಥಿಯೇ, ಅದನ್ನು ನಡಸಿದ ಕೈಗಳೂ ವಿದ್ಯಾರ್ಥಿಗಳವೇ. ಭಿಕ್ಷುಗಳಲ್ಲದೆ ನಿರಾಶ್ರಿತ ಕುಟುಂಬಗಳ ಯುವಜನರಿಗೂ ಇದರಿಂದ ಒಂದು ಉದ್ಯೋಗವು ದೊರೆಯಿತು.

ಅವರು ಅನುಸರಿಸಿದ ಕ್ರಮವು ಗಮನಿಸತಕ್ಕದ್ದು. ಟಿಬೆಟ್ಟಿನ ಅಕ್ಷರಗಳನ್ನು ನೇರವಾಗಿ ಬರೆದಿಡುವ ಸರ್ವಸಮ್ಮತವಾದ ಸಂಕೇತವು ಆ ಕಾಲದ ಗಣಕಗಳಲ್ಲಿ ಇರಲಿಲ್ಲ. ಆದುದರಿಂದ ಒಂದೊಂದು ಟಿಬೆಟ್ಟಿನ ಅಕ್ಷರಕ್ಕೂ ರೋಮನ್ ದೊಡ್ಡಕ್ಷರಗಳನ್ನು ಗೊತ್ತುಮಾಡಿಕೊಂಡರು. ಟಿಬೆಟ್ಟಿನ ನುಡಿಯಲ್ಲಿ ಇಲ್ಲದ ಸಂಸ್ಕೃತದ ಮೂರ್ಧನ್ಯಗಳನ್ನು ಅಲ್ಲಿಯ ಲಿಪಿಯಲ್ಲಿ ತವರ್ಗದ ಅಕ್ಷರಗಳನ್ನೇ ಹಿಂದುಮುಂದಾಗಿ ತಿರುಗಿಸಿ ಬರೆಯುವುದು ಪದ್ಧತಿ; ಈ ಉದ್ಯಮದವರು ಅವುಗಳಿಗೆ ರೋಮನ್ ಸಣ್ಣಕ್ಷರಗಳನ್ನು ಬಳಸಿದರು. ಮೂಲದ ಪತ್ರಸಂಖ್ಯೆಯನ್ನೂ, ಪತ್ರದ ಮುಂಬದಿಯೋ ಹಿಂಬದಿಯೋ ಎಂಬುದನ್ನೂ ಅಲ್ಲಲ್ಲಿಯೇ ಗುರುತುಹಾಕಿದರು. ಹಲಗೆಯ ಅಚ್ಚಿನಲ್ಲಿ ತಪ್ಪೆಂದು ತೋರಿದುದನ್ನು ಮೌನವಾಗಿ ತಿದ್ದದೆ, ಸಂಶಯವನ್ನು ಆವರಣಚಿಹ್ನೆಗಳೊಳಗೆ ಸೂಚಿಸಿದರು.

ಇದಕ್ಕಿಂತಲೂ ಮುಖ್ಯವಾದುದು ಎರಡು ಕೈಗಳ ನಿಯಮ. ಒಂದೇ ಗ್ರಂಥವನ್ನು ಇಬ್ಬರು ಬೇರೆ ಬೇರೆಯಾಗಿ, ಒಬ್ಬರದನ್ನು ಇನ್ನೊಬ್ಬರು ನೋಡದೆ, ಕೀಲಿಸತಕ್ಕದ್ದು. ಬಳಿಕ ಗಣಕವು ಎರಡು ಪ್ರತಿಗಳನ್ನೂ ಅಕ್ಷರಶಃ ಹೋಲಿಸಿ ಎಲ್ಲೆಲ್ಲಿ ಭೇದವಿದೆಯೋ ಅಲ್ಲಲ್ಲಿ ತೋರಿಸುವುದು. ಆ ಸ್ಥಳಗಳಲ್ಲಿ ಮೂಲವನ್ನು ಮತ್ತೆ ನೋಡಿ ನಿರ್ಣಯಿಸುವುದು. ಇಬ್ಬರು ಒಂದೇ ಸ್ಥಳದಲ್ಲಿ ಒಂದೇ ತಪ್ಪನ್ನು ಮಾಡುವುದು ಅಪೂರ್ವವಷ್ಟೆ. ಹಳೆಯ ಪಾಠಶಾಲೆಗಳಲ್ಲಿ ಒಬ್ಬನು ಓದುತ್ತ ಇನ್ನೊಬ್ಬನು ತನ್ನ ಓಲೆಯನ್ನು ನೋಡುತ್ತ ಪ್ರತಿಯನ್ನು ಶುದ್ಧಿಮಾಡುತ್ತಿದ್ದ ಕ್ರಮವೇ ಇಲ್ಲಿ ಯಂತ್ರದ ಸಹಾಯದಿಂದ ಮತ್ತಷ್ಟು ಬಿಗಿಯಾಯಿತು.

ಇದಕ್ಕೆ ಒಂದು ಆಕ್ಷೇಪವನ್ನು ಹೇಳಬಹುದು. ಅರ್ಥವನ್ನು ಗ್ರಹಿಸದೆ ಕೀಲಿಗಳನ್ನು ಒತ್ತುವುದರಿಂದ ವಿದ್ಯಾರ್ಥಿಗೆ ಬಂದ ಲಾಭವೇನು? ಇದು ವಿದ್ಯೆಯೋ, ಕೂಲಿಯೋ? ಆಕ್ಷೇಪದಲ್ಲಿ ಸತ್ಯವಿಲ್ಲದೆ ಇಲ್ಲ. ಸಾವಿರ ಪತ್ರಗಳನ್ನು ಕೀಲಿಸಿದವನು ಧರ್ಮಕೀರ್ತಿಯ ಒಂದು ಕಾರಿಕೆಯನ್ನೂ ವಿವರಿಸಲಾರದೆ ಹೋಗಬಹುದು. ಸೆರಾದಲ್ಲಿ ವಿದ್ಯೆಯೆಂದರೆ ಅಂಗಳದಲ್ಲಿ ಎದುರುಬದುರಾಗಿ ನಡೆಯುವ ವಾದವೇ ಹೊರತು ಬರವಣಿಗೆಯಲ್ಲ. ಆದರೆ ಗ್ರಂಥಸಂಪಾದನೆಯನ್ನು ಮಾಡಿದವರು ಮತ್ತೊಂದು ಸಂಗತಿಯನ್ನು ಬಲ್ಲರು. ಅಜ್ಞನಾದ ಲಿಪಿಕಾರನಿಗಿಂತ ಅರೆಬಲ್ಲ ಲಿಪಿಕಾರನಿಂದ ಗ್ರಂಥಕ್ಕೆ ಆಗುವ ಹಾನಿ ಹೆಚ್ಚು. ಅಜ್ಞನು ಕಂಡ ತಪ್ಪನ್ನು ಕಂಡಂತೆಯೇ ಬರೆಯುವನು. ಅದರಿಂದ ಮೂಲಪಾಠವನ್ನು ಊಹಿಸಬಹುದು. ಅರೆಬಲ್ಲವನು ತನಗೆ ತಿಳಿಯದ ಹಳೆಯ ಪದವನ್ನು ತೆಗೆದು ತಿಳಿದ ಪದವನ್ನು ಹಾಕುವನು. ಆಗ ಮೂಲವು ಗುರುತು ಸಿಕ್ಕದಂತೆ ಮುಚ್ಚಿಹೋಗುವುದು. ಕಂಡದ್ದನ್ನು ಕಂಡಂತೆ ಬರೆಯುವ ಸಂಯಮವೂ ಒಂದು ವಿದ್ಯೆಯೇ. ಗುರುವಾದವನು ಅದನ್ನು ಕಲಿಸದೆ ಅರ್ಥವನ್ನು ಮಾತ್ರ ಕಲಿಸಿದರೆ ಶಿಷ್ಯನ ಪಾಂಡಿತ್ಯಕ್ಕೆ ಅಡಿಗಲ್ಲು ಇಲ್ಲದಂತಾಗುವುದು. ಎರಡು ಕೈಗಳ ನಿಯಮಕ್ಕೂ ಮಿತಿಯುಂಟು: ಹಲಗೆಯ ಅಕ್ಷರವೇ ಸವೆದಿದ್ದರೆ ಇಬ್ಬರೂ ಒಂದೇ ಬಗೆಯಲ್ಲಿ ಮೋಸಹೋಗಬಹುದು. ಅಂತಹ ಸ್ಥಳಗಳಲ್ಲಿ ಪಂಡಿತನೇ ಬೇಕು. ಆದಕಾರಣ ಇಲ್ಲಿ ಕೂಲಿಯೂ ವಿದ್ಯೆಯೂ ಒಂದನ್ನೊಂದು ಕಾಯುತ್ತವೆ.

ಹೀಗೆ ಸಿದ್ಧವಾದ ಪ್ರತಿಗಳನ್ನು ಏನುಮಾಡಿದರು? ಪೆಟ್ಟಿಗೆಯಲ್ಲಿಟ್ಟು ಬೀಗಹಾಕಲಿಲ್ಲ. ಮೊದಲು ಫ್ಲಾಪಿ ತಟ್ಟೆಗಳಲ್ಲಿಯೂ, ಆಮೇಲೆ ಸಿ.ಡಿ.ಗಳಲ್ಲಿಯೂ, ತರುವಾಯ ಅಂತರ್ಜಾಲದ ಮೂಲಕವೂ ಕೇಳಿದವರಿಗೆಲ್ಲ ಉಚಿತವಾಗಿಯೋ ಅಲ್ಪವೆಚ್ಚಕ್ಕೋ ಹಂಚಿದರು. ರಷ್ಯಾ ದೇಶದ ಸೇಂಟ್ ಪೀಟರ್ಸ್‌ಬರ್ಗಿನ ದೊಡ್ಡ ಟಿಬೆಟ್ಟಿ ಗ್ರಂಥಸಂಗ್ರಹದ ಸೂಚಿಯನ್ನು ಸಿದ್ಧಪಡಿಸುವ ಕೆಲಸವನ್ನೂ ಇದೇ ಸಂಸ್ಥೆಯು ಕೈಗೊಂಡಿತು. ಜೀನ್ ಸ್ಮಿತ್ತರು ೧೯೯೯ರಲ್ಲಿ ಅಮೆರಿಕದಲ್ಲಿ ಸ್ಥಾಪಿಸಿದ ಗ್ರಂಥನಿಧಿಯು ಪುಟಗಳ ಪಡಿಯಚ್ಚುಗಳನ್ನು ಸಂಗ್ರಹಿಸುವುದರಲ್ಲಿ ತೊಡಗಿತು. ಒಂದು ಪದವು ನೂರಾರು ಸಂಪುಟಗಳಲ್ಲಿ ಎಲ್ಲೆಲ್ಲಿ ಬಂದಿದೆಯೆಂಬುದನ್ನು ಹುಡುಕಲು ಹಿಂದೆ ಪಂಡಿತನ ಜೀವಮಾನವು ಸಾಲದಿದ್ದಿತು. ಈಗ ಅದು ಕ್ಷಣದ ಕೆಲಸ. ರಂಗಸ್ವಾಮಿ ಅಯ್ಯಂಗಾರ್ಯರಂತಹವರು ಎಷ್ಟು ಪತ್ರಗಳನ್ನು ಮಗುಚಿಹಾಕಿದರೋ ಎಂಬುದನ್ನು ನೆನೆದರೆ ಈ ಸೌಕರ್ಯದ ಬೆಲೆ ಗೊತ್ತಾಗುವುದು.

ಈ ಉದ್ಯಮದಿಂದ ಕನ್ನಡಿಗರು ಕಲಿಯಬೇಕಾದ ಮತ್ತೊಂದು ಪಾಠವು ಸಂಕೇತಗಳಿಗೆ ಸಂಬಂಧಿಸಿದುದು. ಲೋಕದ ಎಲ್ಲ ಲಿಪಿಗಳಿಗೂ ಸಮಾನವಾದ ಯೂನಿಕೋಡ್ ಎಂಬ ಸಂಕೇತಕ್ರಮವು ೧೯೯೧ರಲ್ಲಿ ಮೊದಲಾಯಿತು. ಕನ್ನಡವು ಅದರಲ್ಲಿ ಆಗಲೇ ಸೇರಿತ್ತು. ಟಿಬೆಟ್ಟಿನ ಲಿಪಿಯು ಮೊದಲು ಸೇರಿ, ಮುಂದಿನ ಆವೃತ್ತಿಯಲ್ಲಿ ಹೊರಬಿದ್ದು, ೧೯೯೬ರಲ್ಲಿ ಹೊಸ ಏರ್ಪಾಡಿನೊಂದಿಗೆ ಹಿಂದಿರುಗಿತು. ಅಷ್ಟರೊಳಗೆ ಬೈಲುಕುಪ್ಪೆಯಲ್ಲಿ ಕೀಲಿಸಿದ್ದ ಗ್ರಂಥರಾಶಿಯು ಇದರಿಂದ ವ್ಯರ್ಥವಾಗಲಿಲ್ಲ. ಅದು ಅಕ್ಷರಗಳ ಆಕಾರವನ್ನು ಅನುಸರಿಸದೆ ಅಕ್ಷರಗಳನ್ನೇ ಅನುಸರಿಸಿ ಬರೆದುದಾದ್ದರಿಂದ ಯಂತ್ರದ ಮೂಲಕವೇ ಹೊಸ ಸಂಕೇತಕ್ಕೆ ಮಾರ್ಪಡುವುದು ಸಾಧ್ಯವಾಯಿತು. ಕನ್ನಡದಲ್ಲಿ ನಡೆದುದು ಬೇರೆ ಬಗೆ. ಯೂನಿಕೋಡ್ ಬಳಕೆಗೆ ಬರುವ ವರೆಗೆ ಒಂದೊಂದು ತಂತ್ರಾಂಶದವರೂ ತಮ್ಮ ತಮ್ಮ ಅಚ್ಚಿನ ಆಕಾರಗಳಿಗೆ ತಕ್ಕಂತೆ ಬೇರೆ ಬೇರೆ ಸಂಕೇತಗಳನ್ನು ಇಟ್ಟುಕೊಂಡಿದ್ದರು. ಆ ಅಕ್ಷರಜೋಡಣೆಯಿಲ್ಲದ ಗಣಕದಲ್ಲಿ ತೆರೆದರೆ ಕಾವ್ಯವೂ ಕಾಗದಪತ್ರವೂ ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ತೋರುತ್ತಿದ್ದುವು. ಕೀಲಿಮಣೆಯ ವಿನ್ಯಾಸವನ್ನು ನುಡಿಗೆ ಹೊಂದಿಸಿದ ಕೆ. ಪಿ. ರಾಯರು, ೧೯೯೮ರಲ್ಲಿ ಬರಹ ಎಂಬ ತಂತ್ರಾಂಶವನ್ನು ಕೊಟ್ಟ ಶೇಷಾದ್ರಿವಾಸು ಅವರು, ನುಡಿ ತಂತ್ರಾಂಶವನ್ನು ಸಿದ್ಧಪಡಿಸಿದ ಕನ್ನಡ ಗಣಕ ಪರಿಷತ್ತಿನವರು ಮಾಡಿದ ಉಪಕಾರವು ಮರೆಯತಕ್ಕದ್ದಲ್ಲ. ಆದರೂ ಹಳೆಯ ಸಂಕೇತಗಳಲ್ಲಿ ಸಿಕ್ಕಿಬಿದ್ದ ಕನ್ನಡ ಬರಹಗಳನ್ನು ಬಿಡಿಸಲು ಪರಿವರ್ತಕಗಳನ್ನು ಬೇರೆಯಾಗಿ ರಚಿಸಬೇಕಾಯಿತು. ಓಲೆಗೆ ಗೆದ್ದಲು ಹೇಗೋ ಗಣಕದ ಬರಹಕ್ಕೆ ಯಾರೂ ಓದಲಾರದ ಸಂಕೇತವು ಹಾಗೆ.

ಕನ್ನಡದಲ್ಲಿ ವಿದ್ಯಾರ್ಥಿಗಳ ಕೈಯಿಂದ ಕೆಲಸವೇ ಆಗಿಲ್ಲವೆಂದಲ್ಲ. ಕನ್ನಡ ವಿಕಿಪೀಡಿಯವು ೨೦೦೩ರಲ್ಲಿ ಮೊದಲಾಯಿತು. ೨೦೧೩ರಿಂದ ಈಚೆಗೆ ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ ಭಾಷಾಪಠ್ಯದ ಅಂಗವಾಗಿ ವಿದ್ಯಾರ್ಥಿಗಳು ಅದಕ್ಕೆ ಲೇಖನಗಳನ್ನು ಬರೆದಿದ್ದಾರೆ. ವಚನ ಸಂಚಯ ಎಂಬ ಜಾಲತಾಣದಲ್ಲಿ ಶರಣರ ವಚನಗಳನ್ನು ಪದಪದವಾಗಿ ಹುಡುಕಬಹುದು. ಆದರೆ ಇವು ಅಚ್ಚಾದ ವಾಙ್ಮಯವನ್ನೂ ಹೊಸ ಬರವಣಿಗೆಯನ್ನೂ ಆಶ್ರಯಿಸಿದುವು. ಅಚ್ಚನ್ನೇ ಕಾಣದೆ ಮನೆಗಳಲ್ಲಿ ಉಳಿದಿರುವ ಓಲೆ ಕಡತಗಳ ಗತಿಯೇನು? ದೇವರ ಮನೆಯಲ್ಲಿ ಅರಿಸಿನ ಕುಂಕುಮಗಳಿಂದ ಪೂಜೆಗೊಳ್ಳುವ ಕಟ್ಟನ್ನು ಬಿಚ್ಚಿ ಓದುವವರು ಮನೆಗೊಬ್ಬರೂ ಸಿಕ್ಕರು. ಹೆಗ್ಗಡದೇವನಕೋಟೆ ಹುಣಸೂರುಗಳ ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬರೂ ಬೆಟ್ಟಕುರುಬರೂ ಎರವರೂ ಆಡುವ ನುಡಿಗಳಿಗೆ ಓಲೆಯ ಆಸರೆಯೂ ಇಲ್ಲ. ಒಬ್ಬ ಮುದುಕಿ ಕಣ್ಣುಮುಚ್ಚಿದರೆ ಒಂದು ಕಟ್ಟು ಹಾಡುಗಳು ಅವಳೊಡನೆ ಹೋಗುವುವು.

ಹಾಗಾದರೆ ಈ ನಾಲ್ಕು ತಾಲ್ಲೂಕುಗಳ ಕಾಲೇಜುಗಳಲ್ಲಿ ಗಣಕವಿದ್ಯೆಯನ್ನು ಕಲಿಯುವ ತರುಣರು ಪರೀಕ್ಷೆಗೆಂದು ಏನನ್ನು ನಿರ್ಮಿಸತಕ್ಕದ್ದು? ಅಂಗಡಿಯ ಲೆಕ್ಕದ ಮಾದರಿಯನ್ನೋ ಯಾವುದೋ ಹೋಟೆಲಿನ ಜಾಲತಾಣವನ್ನೋ ರಚಿಸಿ, ಅಂಕಗಳು ಬಂದ ಮರುದಿನ ಅಳಿಸಿಹಾಕುವುದಕ್ಕಿಂತ, ತಮ್ಮ ಊರಿನ ಒಂದು ಓಲೆಕಟ್ಟಿನ ಪಡಿಯಚ್ಚನ್ನು ತೆಗೆದು ಇಬ್ಬಿಬ್ಬರಾಗಿ ಕೀಲಿಸಿ ಹೋಲಿಸಬಾರದೆ? ಒಡೆಯರ ಒಪ್ಪಿಗೆಯನ್ನು ಪಡೆದು, ಓಲೆಯನ್ನು ಅವರ ಮನೆಯಲ್ಲಿಯೇ ಬಿಟ್ಟು, ಪಾಠವನ್ನು ಮಾತ್ರ ತರಬಹುದು. ಹಾಡಿಯ ಮಕ್ಕಳೇ ತಮ್ಮ ಅಜ್ಜಿಯ ಹಾಡನ್ನು ಧ್ವನಿಯಲ್ಲಿ ಹಿಡಿದು ಕನ್ನಡಲಿಪಿಯಲ್ಲಿ ಬರೆದಿಡಬಹುದು. ಅದನ್ನು ಯಾರು ಕೇಳಬೇಕು, ಹೇಗೆ ಬಳಸಬೇಕು ಎಂಬುದನ್ನು ಹಾಡಿದವರೇ ಗೊತ್ತುಮಾಡಲಿ. ಬೈಲುಕುಪ್ಪೆಯ ಮೇಲ್ಪಂಕ್ತಿ ಬೋಧಿಸುವ ನಿಯಮಗಳು ನಾಲ್ಕೇ: ಕಂಡಂತೆ ಬರ, ಎರಡು ಕೈಗಳಿಂದ ಶೋಧನೆ, ಸಾಮಾನ್ಯ ಸಂಕೇತ, ಮುಚ್ಚುಮರೆಯಿಲ್ಲದ ದಾನ.

ಬೈಲುಕುಪ್ಪೆಗೆ ಬರುವ ಯಾತ್ರಿಕರು ನಂಡ್ರೋಲಿಂಗಿನ ಸುವರ್ಣಮಂದಿರವನ್ನು ನೋಡಿ ಬೆರಗಾಗಿ ಹಿಂದಿರುಗುತ್ತಾರೆ, ಬೆರಗಾಗತಕ್ಕದ್ದೇ. ಆದರೆ ಮನೆಮಠಗಳನ್ನು ಕಳೆದುಕೊಂಡ ಜನರು ನೆಲೆನಿಂತ ಮೂವತ್ತು ವರ್ಷಗಳೊಳಗೆ, ಇನ್ನೂ ಹೊಲಗಳಲ್ಲಿ ಜೋಳವನ್ನು ಬೆಳೆಯುತ್ತಿದ್ದಾಗಲೇ, ಪೂರ್ವಿಕರ ಗ್ರಂಥಗಳನ್ನು ಲೋಕಕ್ಕೆಲ್ಲ ಹಂಚಲು ಸಿದ್ಧರಾದರು ಎಂಬುದು ಅದಕ್ಕಿಂತಲೂ ಬೆರಗಿನ ಸಂಗತಿ. ಕೀಲಿಸಿದವರಲ್ಲಿ ಬಹುಮಂದಿಯ ಹೆಸರನ್ನು ಓದುಗರು ಅರಿಯರು. ಪಂಪನ ಓಲೆಯನ್ನು ಪ್ರತಿಮಾಡಿದವನ ಹೆಸರನ್ನೂ ಅರಿಯರು. ಮನೆಯನ್ನು ಕಳೆದುಕೊಳ್ಳದ ಜನರು ಮನೆಯ ಅಟ್ಟದಲ್ಲಿಯೇ ಗ್ರಂಥವನ್ನು ಕಳೆದುಕೊಂಡರೆ ಆ ನಷ್ಟಕ್ಕೆ ಯಾವ ದಂಡಯಾತ್ರೆಯನ್ನೂ ಯಾವ ರಾಜನನ್ನೂ ದೂರುವುದು ಸಲ್ಲದು.